ಶಾಲೆಯ ಪುಸ್ತಕ ಮೇಳಕ್ಕೆ ಯಾವ ಪುಸ್ತಕ ತರಿಸೋದು? ಒಂದರಿಂದ ಐದನೇ ಕ್ಲಾಸಿನವರೆಗೆ ಒಂದು ಹೋಲಿಕೆ

ಶಾಲೆಯಲ್ಲಿ ಪುಸ್ತಕ ಮೇಳ ಅಂದ ಕೂಡಲೇ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ‘ಯಾವ ಕ್ಲಾಸಿಗೆ ಎಷ್ಟು ಕಳಿಸಲಿ?’ ನಾವೂ ಹಾಜರಿ ಪುಸ್ತಕ ತೆಗೆದು ಒಂದನೇ ಕ್ಲಾಸಿಗೆ ಇಷ್ಟು, ಎರಡನೇ ಕ್ಲಾಸಿಗೆ ಇಷ್ಟು ಅಂತ ಹೇಳಿಬಿಡುತ್ತೇವೆ. ಅಲ್ಲಿಗೆ ಅರ್ಧ ದುಡ್ಡು ದಂಡ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಒಂದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಹೋಗಿ ಕೂತು ನೋಡಿ. ಒಂದು ಹುಡುಗಿ ಪೇಪರ್ ಸರಾಗವಾಗಿ ಓದುತ್ತಾಳೆ, ಪಕ್ಕದಲ್ಲೇ ಕೂತ ಹುಡುಗ ಇನ್ನೂ ಕಾಗುಣಿತದಲ್ಲೇ ತಡವರಿಸುತ್ತಿರುತ್ತಾನೆ. ಅವನಿಗೆ ಬುದ್ಧಿ ಕಮ್ಮಿ ಅಂತಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು, ಅವನನ್ನೂ ಕರಕೊಂಡು ಹೋದರು, ಮರಳಿ ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿತ್ತು. ಇಲ್ಲವೇ ಮನೆಯಲ್ಲಿ ತೆಲುಗೋ ಉರ್ದುವೋ ಲಂಬಾಣಿಯೋ ಮಾತಾಡುತ್ತಾರೆ, ಕನ್ನಡ ಶಾಲೆಯಲ್ಲಷ್ಟೇ ಕಿವಿಗೆ ಬೀಳುತ್ತದೆ.

ಈ ಇಬ್ಬರಿಗೂ ಒಂದೇ ‘ನಾಲ್ಕನೇ ಕ್ಲಾಸಿನ ಪುಸ್ತಕ’ ಕೊಟ್ಟರೆ ಒಬ್ಬಳಿಗೆ ಸಪ್ಪೆ, ಇನ್ನೊಬ್ಬನಿಗೆ ಕಬ್ಬಿಣದ ಕಡಲೆ. ಹಾಗಾಗಿ ಮೇಳಕ್ಕೆ ಪುಸ್ತಕ ಆರಿಸುವಾಗ ವಯಸ್ಸನ್ನೂ ಓದುವ ಹಂತವನ್ನೂ ಬೇರೆ ಬೇರೆ ನೋಡಬೇಕು. ಮಗುವಿಗೆ ಯಾವ ವಿಷಯ ಇಷ್ಟವಾಗುತ್ತದೆ ಅನ್ನುವುದು ವಯಸ್ಸಿನಿಂದ ಗೊತ್ತಾಗುತ್ತದೆ. ಒಂದು ಪುಟದಲ್ಲಿ ಎಷ್ಟು ಸಾಲು ತಡೆದುಕೊಳ್ಳುತ್ತದೆ ಅನ್ನುವುದು ಹಂತದಿಂದ. ಎರಡನ್ನೂ ಕಲಸಿದರೆ ಕೆಲಸ ಕೆಟ್ಟಿತು.

ವಯಸ್ಸಿನ ಮುದ್ರೆಯೋ, ಹಂತದ ಮುದ್ರೆಯೋ?

ಕೆಲವು ಪುಸ್ತಕಗಳ ಮೇಲೆ ‘6ರಿಂದ 8 ವರ್ಷ’ ಅಂತ ಇರುತ್ತದೆ. ಕೆಲವುದರ ಮೇಲೆ ಹಂತ 1, ಹಂತ 2 ಅಂತ ಇರುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಮೇಲು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2004ರಿಂದ ಮಕ್ಕಳ ಪುಸ್ತಕ ತರುತ್ತಿದ್ದಾರೆ, ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ. ಅವರಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತದ ಪುಸ್ತಕದಲ್ಲಿ ಸುಮಾರು 250 ಪದಗಳ ಒಳಗೆ ಕಥೆ ಮುಗಿಯುತ್ತದೆ, ಸುಲಭ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡನೆಯದು 600 ಪದಗಳವರೆಗೆ. ಮೂರನೆಯದು 1,500ರವರೆಗೆ. ಅದಕ್ಕಿಂತ ಉದ್ದದ್ದು ನಾಲ್ಕನೇ ಹಂತ, ಅದು ಚೆನ್ನಾಗಿ ಓದಬಲ್ಲ ಮಕ್ಕಳಿಗೆ. ಬೇರೆ ಪ್ರಕಾಶಕರ ಪುಸ್ತಕದ ಮೇಲೆ ಇಂಥ ಗುರುತು ಇಲ್ಲದಿದ್ದರೂ ಈ ಲೆಕ್ಕವನ್ನೇ ತಲೆಯಲ್ಲಿ ಇಟ್ಟುಕೊಂಡು ನಾವೇ ವಿಂಗಡಿಸಬಹುದು. ಒಂದು ಪುಟದ ಪದ ಎಣಿಸಿ, ಪುಟಗಳಿಂದ ಗುಣಿಸಿ. ಅಂದಾಜು ಸಿಕ್ಕರೆ ಸಾಕು.

ಎಷ್ಟು ತರಿಸಬೇಕು? ಬಹಳ ಜನ ನಾಲ್ಕು ಹಂತವನ್ನೂ ಸಮನಾಗಿ ಹಂಚುತ್ತಾರೆ. ನಾನಾದರೆ ಅರ್ಧಕ್ಕಿಂತ ಜಾಸ್ತಿ ದುಡ್ಡನ್ನು ಮೊದಲ ಎರಡು ಹಂತಕ್ಕೆ ಹಾಕುತ್ತೇನೆ. ಯಾಕಂದರೆ ಒಂದು, ಎರಡನೇ ಕ್ಲಾಸಿನವರು ಮಾತ್ರ ಅಲ್ಲ, ಮೂರು ನಾಲ್ಕರ ಎಷ್ಟೋ ಮಕ್ಕಳೂ ಅಲ್ಲಿಂದಲೇ ಶುರು ಮಾಡಬೇಕು. ಚೆನ್ನಾಗಿ ಓದುವ ಮಕ್ಕಳೂ ತೆಳ್ಳಗಿನ ಪುಸ್ತಕವನ್ನು ಒಂದು ಬಿಡುವಿನಲ್ಲಿ ಮೂರು ಓದಿ ಖುಷಿಪಡುತ್ತಾರೆ, ಅದರಿಂದ ಯಾರಿಗೂ ನಷ್ಟ ಇಲ್ಲ. ದಪ್ಪ ಪುಸ್ತಕ ಓದಲಾಗದ ಮಗುವಿಗೆ ಮಾತ್ರ ದಪ್ಪ ಪುಸ್ತಕದಿಂದ ಏನೂ ಸಿಗುವುದಿಲ್ಲ, ಅಲ್ವಾ?

ಅಕ್ಷರಮಾಲೆ ಪುಸ್ತಕದ ಬಗ್ಗೆ ಒಂದು ಮಾತು. ‘ಅ ಅಗಸ, ಆ ಆನೆ’ ಪುಸ್ತಕಗಳು ಅಂಗಡಿಯವರ ಗಂಟಿನಲ್ಲಿ ಯಾವಾಗಲೂ ಜಾಸ್ತಿ ಇರುತ್ತವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನಲಿ-ಕಲಿ ಅನ್ನುವ ಆಟದ ಮೂಲಕ ಕಲಿಸುವ ಪದ್ಧತಿಯಲ್ಲಿ ಒಟ್ಟಿಗೇ ಕೂತು ಕಲಿಯುತ್ತಾರೆ, ಅಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಅಂತ. ಮಗು ಕಲಿತ ಕ್ರಮ ಒಂದು, ಪುಸ್ತಕದ ಕ್ರಮ ಇನ್ನೊಂದು. ಅದೂ ಅಲ್ಲದೆ ಅದು ಕಥೆಯೂ ಅಲ್ಲ. ಅಂಗನವಾಡಿ ಮಕ್ಕಳ ಮನೆಯವರು ಕೇಳಿದರೆ ನಾಲ್ಕೈದು ಪ್ರತಿ ಇಡಿ, ಸಾಕು.

ವಯಸ್ಸು ಹತ್ತು, ಓದು ಎರಡನೇ ಕ್ಲಾಸಿನದು: ಇವರಿಗೇನು?

ಮೇಳದಲ್ಲಿ ಎಲ್ಲರೂ ಮರೆಯುವುದು ಈ ಮಕ್ಕಳನ್ನೇ. ಐದನೇ ಕ್ಲಾಸಿನ ಹುಡುಗ, ಗದ್ದೆಗೆ ನೀರು ಬಿಡುವುದು ಗೊತ್ತು, ಕುರಿ ಮೇಯಿಸುವುದು ಗೊತ್ತು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು ಬಂದಿದ್ದಾನೆ. ಅವನ ಕೈಗೆ ಬಾತುಕೋಳಿ ಮರಿ ಅಮ್ಮನನ್ನು ಹುಡುಕುವ ಪುಸ್ತಕ ಕೊಟ್ಟರೆ ಅವನು ಅದನ್ನು ಗೆಳೆಯರ ಎದುರು ತೆರೆಯುವುದೇ ಇಲ್ಲ. ಓದಲು ಬರುವ ಪುಸ್ತಕ ನಾಚಿಕೆ ತರುತ್ತದೆ, ನಾಚಿಕೆ ತರದ ಪುಸ್ತಕ ಓದಲು ಬರುವುದಿಲ್ಲ. ಕೊನೆಗೆ ಅವನು ಬಣ್ಣದ ಪೆನ್ಸಿಲ್ ಕೊಂಡು ಹೋಗುತ್ತಾನೆ.

ಅವನಿಗೆ ಮೂರು ಬಗೆಯ ಪುಸ್ತಕ ಹೋಲಿಸಿ ನೋಡಿ. ಒಂದು, ಮಾತೇ ಇಲ್ಲದ ಚಿತ್ರಪುಸ್ತಕ. ಇದು ಚೆನ್ನಾಗಿರುತ್ತದೆ, ಆದರೆ ಇದರಲ್ಲಿ ಓದು ಬೆಳೆಯುವುದಿಲ್ಲ, ಕಥೆ ಕಟ್ಟುವುದು ಬೆಳೆಯುತ್ತದೆ, ಅಪ್ಪ ಅಮ್ಮ ಬೆಲೆ ನೋಡಿ ‘ಇದರಾಗ ಏನೂ ಬರದಿಲ್ಲಲ್ಲ’ ಅನ್ನುತ್ತಾರೆ. ಎರಡು, ಚಿತ್ರಕಥೆ, ಅಂದರೆ ಕಾಮಿಕ್ಸ್. ಹುಡುಗರು ಮುಗಿಬೀಳುತ್ತಾರೆ. ತೊಂದರೆ ಏನಂದರೆ ಮಾತಿನ ಗುಳ್ಳೆಯೊಳಗೆ ಕನ್ನಡ ಅಕ್ಷರಗಳನ್ನು ತುರುಕಿ ತುರುಕಿ ಹಾಕಿರುತ್ತಾರೆ, ಒತ್ತಕ್ಷರ ಕಾಣುವುದೇ ಇಲ್ಲ. ಗುಳ್ಳೆಯ ಅಕ್ಷರ ದೊಡ್ಡದಿದ್ದರೆ ಮಾತ್ರ ತಗೊಳ್ಳಿ. ಮೂರು, ಚಿತ್ರ ದೊಡ್ಡದಾಗಿ, ಅಡಿಯಲ್ಲಿ ಎರಡು ಮೂರು ಸಾಲು ಇರುವ ಮಾಹಿತಿ ಪುಸ್ತಕ: ಹಾವು, ಕರಡಿ, ಜೇನು, ರೈಲು, ಗಣಿ, ಅಣೆಕಟ್ಟು, ಬಾಹ್ಯಾಕಾಶ. ನನ್ನ ಆಯ್ಕೆ ಇದೇ. ಇದು ಯಾರು ನೋಡಿದರೂ ‘ಸಣ್ಣವರ ಪುಸ್ತಕ’ ಅನಿಸುವುದಿಲ್ಲ, ಒಂದೊಂದು ಪುಟವೂ ಸ್ವತಂತ್ರ, ಮಧ್ಯದಿಂದ ಓದಿದರೂ ನಡೆಯುತ್ತದೆ. ಸಂಡೂರು ತಾಲ್ಲೂಕಿನ ಮಕ್ಕಳಿಗೆ ಕರಡಿಯ ಪುಸ್ತಕ ಕೊಟ್ಟು ನೋಡಿ. ದರೋಜಿ ಕರಡಿಧಾಮ ಪಕ್ಕದಲ್ಲೇ ಇದೆ. ಪುಸ್ತಕದಲ್ಲಿ ಇರದ ಸಂಗತಿಯನ್ನೂ ಅವರೇ ನಿಮಗೆ ಹೇಳುತ್ತಾರೆ. ಲಿಂಗಸುಗೂರು ಕಡೆಯ ಮಕ್ಕಳಿಗೆ ಗಣಿ ಅಂದರೆ ಹಟ್ಟಿಯ ಚಿನ್ನದ ಗಣಿ. ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಹತ್ತಿರದವರಿಗೆ ಕರೆಂಟ್ ಹೇಗೆ ಹುಟ್ಟುತ್ತದೆ ಅನ್ನುವ ಪುಸ್ತಕ ಬೇರೆ ಕಡೆಗಿಂತ ಬೇಗ ಖರ್ಚಾಗುತ್ತದೆ.

ಪುಸ್ತಕ ತೆರೆದು ಏನು ನೋಡಬೇಕು

ಓದುವ ಮಗು ಒಂದು ಪುಟದಲ್ಲಿ ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚುತ್ತಾ ಹೋಗಲಿ, ಐದೂ ಬೆರಳು ಮಡಚಿದರೆ ಪುಸ್ತಕ ಕಷ್ಟ ಅನ್ನುವ ಒಂದು ಉಪಾಯ ಇದೆ. ಇಂಗ್ಲಿಷ್ ಪುಸ್ತಕಕ್ಕೆ ಇದು ಸರಿ. ಕನ್ನಡಕ್ಕೆ ಇಷ್ಟೇ ಸಾಲದು. ನಮ್ಮಲ್ಲಿ ಮಗು ಪದದ ಅರ್ಥಕ್ಕಿಂತ ಮೊದಲು ಪದದ ಆಕಾರಕ್ಕೆ ನಿಲ್ಲುತ್ತದೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ, ಉದ್ದ ಪದ ಬಂದಲ್ಲಿ ನಿಲ್ಲುತ್ತದೆ. ‘ನಾಯಿ ಓಡಿ ಬಂತು. ಬಾಲ ಆಡಿಸಿತು.’ ಇದನ್ನು ಕಾಗುಣಿತ ಕಲಿತ ಮಗು ಓದುತ್ತದೆ. ‘ಶ್ವಾನವು ಯಜಮಾನನ ಆಜ್ಞೆಗಾಗಿ ಕಾದು ನಿಂತಿತ್ತು’ ಅಂದರೆ ಅದೇ ನಾಯಿ, ಅದೇ ಅಂಗಳ, ಆದರೆ ಮಗು ಅಲ್ಲೇ ಸುಸ್ತು. ‘ಹೋಗಬೇಕಾಗಿರಲಿಲ್ಲವೇನೋ’ ಥರದ ಪದಗಳು ಒಂದನೇ ಹಂತದ ಪುಸ್ತಕದಲ್ಲಿ ಇದ್ದರೆ ಬರೆದವರು ಮಕ್ಕಳ ಜೊತೆ ಕೂತಿಲ್ಲ ಅಂತಲೇ ಅರ್ಥ.

ಹಾಗಾಗಿ ಮಧ್ಯದ ಒಂದು ಪುಟ ತೆರೆದು ಒತ್ತಕ್ಷರ ಎಷ್ಟಿವೆ ನೋಡಿ. ಮೊದಲ ಹಂತದ ಪುಟದಲ್ಲಿ ಬೆರಳೆಣಿಕೆಯಷ್ಟು ಇರಲಿ, ಅದೂ ‘ಅಮ್ಮ’, ‘ಬೆಕ್ಕು’, ‘ರೊಟ್ಟಿ’ ಥರ ಅದೇ ಅಕ್ಷರದ ಒತ್ತು ಇರಲಿ. ‘ಶಾಸ್ತ್ರ’, ‘ರಾಷ್ಟ್ರ’ ಥರದ್ದು ಮೂರನೇ ಹಂತಕ್ಕೆ ಇರಲಿ.

ಆಮೇಲೆ ಸಾಲುಗಳ ನಡುವಿನ ಜಾಗ. ಇದನ್ನು ಯಾರೂ ನೋಡುವುದಿಲ್ಲ, ನನಗೆ ಇದೇ ಮುಖ್ಯ ಅನಿಸುತ್ತದೆ. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಸಾಲಿನ ಮೇಲೆ ಏರುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಅಚ್ಚು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರ ಕಣ್ಣು ಅದನ್ನು ದಾಟಿಕೊಂಡು ಹೋಗುತ್ತದೆ. ಆರು ವರ್ಷದ ಮಗು ಹೋಗುವುದಿಲ್ಲ, ಸಾಲು ತಪ್ಪುತ್ತದೆ, ಬೆರಳು ಇಟ್ಟು ಓದಿದರೂ ತಪ್ಪುತ್ತದೆ. ಚಿತ್ರದ ಮೇಲೆಯೇ ಬಿಳಿ ಅಕ್ಷರ ಹಾಕಿದ ಪುಸ್ತಕಗಳೂ ಹಾಗೆಯೇ. ನೋಡಲು ಚೆಂದ, ಕರೆಂಟ್ ಹೋದ ಕ್ಲಾಸಿನಲ್ಲಿ ಓದಲು ಆಗದು.

ಹೊಲಿಗೆ ಅಥವಾ ಪಿನ್ನು ಹಾಕಿದ ಪುಸ್ತಕಕ್ಕೂ ಬರೀ ಅಂಟು ಹಾಕಿದ ಪುಸ್ತಕಕ್ಕೂ ಹೋಲಿಸಿದರೆ ಪಿನ್ನಿನದೇ ವಾಸಿ. ನಮ್ಮ ಬಿಸಿಲಿಗೆ ಕಳಪೆ ಅಂಟು ಬೇಗ ಬಿಡುತ್ತದೆ, ಒಂದು ಬೇಸಿಗೆ ಕಳೆದರೆ ಪುಟಗಳು ಉದುರುತ್ತವೆ.

ನೀತಿಕಥೆ, ಪುರಾಣ, ಜೀಕೆ, ಬಣ್ಣ ಹಚ್ಚುವ ಪುಸ್ತಕ

ಪಾಲಕರಿಗೆ ನೀತಿಕಥೆ ಇಷ್ಟ. ಬೇಡ ಅನ್ನುವುದಿಲ್ಲ, ಆದರೆ ಮೇಜು ತುಂಬಾ ಅದೇ ಬೇಡ. ಒಂದೇ ನರಿ, ಒಂದೇ ದ್ರಾಕ್ಷಿ, ಒಂದೇ ಮೊಸಳೆ ಹತ್ತು ಪ್ರಕಾಶಕರಿಂದ ಹತ್ತು ರಟ್ಟಿನಲ್ಲಿ ಬರುತ್ತದೆ. ಯಾವುದಾದರೂ ಒಂದು ಒಳ್ಳೆಯ ಸಂಗ್ರಹ ಇಟ್ಟರೆ ಮುಗಿಯಿತು. ಹಳೆಯ ಕಥೆಗಳನ್ನು ಒಮ್ಮೆ ನೀವೇ ಓದಿ ನೋಡಿ. ಕಪ್ಪಗಿದ್ದವರೆಲ್ಲ ಕೆಟ್ಟವರು, ಮಲತಾಯಿ ಎಂದರೆ ರಾಕ್ಷಸಿ, ಕುಂಟ, ಕಿವುಡ ಅಂದರೆ ನಗೆ, ಇಂಥವು ಈಗಲೂ ಹಾಗೇ ಅಚ್ಚಾಗಿ ಬರುತ್ತಿವೆ. ಅಂಥ ಮಕ್ಕಳು, ಅಂಥ ಮನೆಯವರು ನಮ್ಮ ಕ್ಲಾಸಿನಲ್ಲೇ ಕೂತಿರುತ್ತಾರೆ.

ರಾಮಾಯಣ, ಮಹಾಭಾರತದ ಮಕ್ಕಳ ಪುಸ್ತಕಗಳಿಗೆ ಆನೆಗೊಂದಿ, ಹಂಪಿಯ ಸುತ್ತಮುತ್ತ ಒಂದು ವಿಶೇಷ ಸೆಳೆತ ಇದೆ. ಅಂಜನಾದ್ರಿ ಬೆಟ್ಟ ಹತ್ತಿ ಬಂದ ಮಗು ಹನುಮಂತನ ಪುಸ್ತಕ ಕೇಳದೆ ಇರುತ್ತದಾ? ಇಡಿ. ಆದರೆ ಯುದ್ಧ, ತಲೆ ಕಡಿಯುವುದು ಪುಟ ಪುಟದಲ್ಲೂ ಚಿತ್ರವಾಗಿದ್ದರೆ ಅದನ್ನು ಮೇಲಿನ ಹಂತದ ಮೇಜಿಗೆ ದಾಟಿಸಿ. ದೆವ್ವದ ಕಥೆಗೂ ಅದೇ ನಿಯಮ. ದೊಡ್ಡ ಮಕ್ಕಳು ಅದನ್ನೇ ಹುಡುಕಿಕೊಂಡು ಬರುತ್ತಾರೆ ಬಿಡಿ.

ಮಹನೀಯರ ಜೀವನಚರಿತ್ರೆಗಳು ಸಾಮಾನ್ಯವಾಗಿ ಮೂರನೇ ಹಂತದ ಮೇಲಿನವು. ಹುಟ್ಟಿದ ಇಸವಿ, ತಂದೆ ತಾಯಿ ಹೆಸರು, ಪ್ರಶಸ್ತಿ ಪಟ್ಟಿ ಅಂತ ಹೋಗುವ ಪುಸ್ತಕ ಭಾಷಣ ಸ್ಪರ್ಧೆಗಷ್ಟೇ. ಒಂದು ಘಟನೆಯಿಂದ ಶುರುವಾಗುವುದನ್ನು ಆರಿಸಿ. ಅಶೋಕನ ಪುಸ್ತಕ ಸಿಕ್ಕರೆ ಮರೆಯದೆ ತನ್ನಿ. ಅವನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲೂ ಅವನ ಶಾಸನಗಳಿವೆ. ಮೇಜಿನ ಮೇಲೆ ಪುಸ್ತಕದ ಪಕ್ಕ ಇಷ್ಟು ಒಂದು ಚೀಟಿಯಲ್ಲಿ ಬರೆದಿಟ್ಟರೆ ಯಾವ ಜಾಹೀರಾತೂ ಬೇಡ.

ಜೀಕೆ ಪುಸ್ತಕ: ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಕೂರಿಸುವ ಆಸೆ ಇರುವ ಮನೆಯವರು ಐದನೇ ಕ್ಲಾಸಿಗೆ ಕೇಳೇ ಕೇಳುತ್ತಾರೆ. ಸ್ವಲ್ಪ ಇಡಿ, ಇಸವಿ ಹೊಸದಿದೆಯಾ ನೋಡಿ. ವಿಜಯನಗರ 2021ರಲ್ಲೇ ಬೇರೆ ಜಿಲ್ಲೆ ಆಗಿದೆ, ಇನ್ನೂ ಕರ್ನಾಟಕದಲ್ಲಿ 30 ಜಿಲ್ಲೆ ಅಂತ ಬರೆದ ಪುಸ್ತಕ ಕಂಡರೆ ವಾಪಸ್ ಕಳಿಸಿ. ಬಣ್ಣ ಹಚ್ಚುವ ಪುಸ್ತಕ ತಾನಾಗಿಯೇ ಮಾರಾಟವಾಗುತ್ತದೆ, ಅದಕ್ಕೇ ಅದನ್ನು ಬೇರೆ ಮೂಲೆಗೆ ಇಡಿ. ಕಥೆ ಪುಸ್ತಕದ ಪಕ್ಕ ಇಟ್ಟರೆ ಮಕ್ಕಳ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ.

ಕನ್ನಡ, ಇಂಗ್ಲಿಷ್, ಅಥವಾ ಎರಡೂ

‘ಇಂಗ್ಲಿಷ್ ಪುಸ್ತಕ ಇಲ್ಲೇನ್ರಿ?’ ಅಂತ ಕೇಳದ ಪಾಲಕರು ಈಗ ಕಡಿಮೆ. ಅವರ ಆಸೆಯನ್ನು ತಳ್ಳಿಹಾಕುವುದು ಬೇಡ. ಆದರೆ ಮನೆಯಲ್ಲಿ ಓದಿ ಹೇಳುವವರು ಇಲ್ಲದಿದ್ದರೆ ಪೂರ್ತಿ ಇಂಗ್ಲಿಷ್ ಪುಸ್ತಕ ಚಿತ್ರ ನೋಡಿ ಮುಚ್ಚಿಡುವ ಪುಸ್ತಕವಾಗುತ್ತದೆ. ನಡುವಿನ ದಾರಿ ಎಂದರೆ ದ್ವಿಭಾಷಾ ಪುಸ್ತಕ. ಚೆನ್ನೈನ ತೂಲಿಕಾದವರು ಕನ್ನಡ ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕ ತರುತ್ತಾರೆ, ಬೇರೆಯವರೂ ತರುತ್ತಾರೆ. ಇದರಲ್ಲೂ ನೋಡಬೇಕಾದ್ದು ಒಂದಿದೆ: ಎರಡು ಭಾಷೆಯೂ ಒಂದೇ ಪುಟದಲ್ಲಿ ಸೇರಿದಾಗ ಸಾಲುಗಳು ಜಾಸ್ತಿಯಾಗುತ್ತವೆ, ಚಿತ್ರಕ್ಕೆ ಜಾಗ ಕಮ್ಮಿಯಾಗುತ್ತದೆ. ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಸ್ಪಷ್ಟವಾಗಿ ಬೇರೆ ಇದ್ದರೆ ಒಳ್ಳೆಯದು. ನಾಲ್ಕು ಕನ್ನಡ ಪುಸ್ತಕಕ್ಕೆ ಒಂದು ದ್ವಿಭಾಷೆಯದು ಅನ್ನುವ ಲೆಕ್ಕ ನನಗೆ ಸರಿ ಕಾಣುತ್ತದೆ. ಬರೀ ಇಂಗ್ಲಿಷಿನದು ಅದಕ್ಕಿಂತ ಕಮ್ಮಿ.

ಬಳ್ಳಾರಿ, ರಾಯಚೂರು ಪಟ್ಟಣಗಳಲ್ಲಿ ಉರ್ದು ಶಾಲೆಗಳೂ ಇವೆ, ಗಡಿ ಹಳ್ಳಿಗಳಲ್ಲಿ ತೆಲುಗು ಮನೆಮಾತಿನ ಮಕ್ಕಳು ತುಂಬಾ. ಅವರಿಗೆ ಒಂದು ಸಣ್ಣ ಪೆಟ್ಟಿಗೆ ಇಡುವುದು ಕಷ್ಟವಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನವರು ಉರ್ದು, ತೆಲುಗು ಎರಡರಲ್ಲೂ ಮಕ್ಕಳ ಪುಸ್ತಕ ಪ್ರಕಟಿಸುತ್ತಾರೆ.

ಎಲ್ಲಿಂದ ತರಿಸೋದು, ಎಷ್ಟಕ್ಕೆ

ನ್ಯಾಷನಲ್ ಬುಕ್ ಟ್ರಸ್ಟ್ ಕೇಂದ್ರ ಸರ್ಕಾರದ್ದು, 1957ರಲ್ಲಿ ಶುರುವಾಗಿದ್ದು. ಅವರ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಅಗ್ಗ, ಚಿತ್ರ ಒಳ್ಳೆಯದು. ಬೇರೆ ಭಾಷೆಯಿಂದ ಅನುವಾದವಾದ ಕೆಲವು ಪುಸ್ತಕಗಳ ಕನ್ನಡ ಮಾತ್ರ ಬಿಗಿಯಾಗಿರುತ್ತದೆ, ಒಂದು ಪುಟ ಜೋರಾಗಿ ಓದಿ ನೋಡಿ ತಗೊಳ್ಳಿ. ಪ್ರಥಮ್ ಬುಕ್ಸ್ ತೆಳು, ಹಂತ ಸ್ಪಷ್ಟ, ಒಂದು ಎರಡನೇ ಹಂತಕ್ಕೆ ನನ್ನ ಮೊದಲ ಆಯ್ಕೆ. ತೂಲಿಕಾ ತುಸು ದುಬಾರಿ, ಪ್ರತಿ ಹೆಸರಿನದು ಎರಡೆರಡು ಸಾಕು. ನವಕರ್ನಾಟಕ ಪ್ರಕಾಶನದಲ್ಲಿ ವಿಜ್ಞಾನದ ಪುಸ್ತಕಗಳು ಚೆನ್ನಾಗಿವೆ, ಐದನೇ ಕ್ಲಾಸು ಮತ್ತು ಮೇಲಿನವರಿಗೆ. ಇನ್ನು ಬಸ್ ಸ್ಟ್ಯಾಂಡ್ ಅಂಗಡಿಯ ಮಿರಮಿರ ಮಿಂಚುವ ರಟ್ಟಿನ ಪುಸ್ತಕಗಳು. ಅವುಗಳಲ್ಲೂ ಒಳ್ಳೆಯದು ಇರಬಹುದು. ಒಳಗೆ ಬರೆದವರ ಹೆಸರು, ಚಿತ್ರ ಬರೆದವರ ಹೆಸರು ಇದೆಯಾ ನೋಡಿ. ಎರಡೂ ಇಲ್ಲ, ಮೊದಲ ಪುಟದಲ್ಲೇ ಎರಡು ಕಾಗುಣಿತ ತಪ್ಪು ಇದೆ ಅಂದರೆ ಬೆಲೆ ಎಷ್ಟು ಕಮ್ಮಿ ಇದ್ದರೂ ಬೇಡ. ಮಗು ಆ ತಪ್ಪನ್ನೇ ಕಲಿಯುತ್ತದೆ.

‘ಐವತ್ತು ಪುಸ್ತಕದ ಸೆಟ್, ಅರ್ಧ ಬೆಲೆ’ ಅನ್ನುವ ಆಮಿಷ ಬರುತ್ತದೆ. ಸೆಟ್ಟಿನಲ್ಲಿ ಹತ್ತು ಒಳ್ಳೆಯ ಪುಸ್ತಕ, ಉಳಿದದ್ದು ಗೋಡೌನಿನಲ್ಲಿ ಕೊಳೆಯುತ್ತಿದ್ದದ್ದು. ಬಿಡಿ ಬಿಡಿಯಾಗಿ ಆರಿಸಿದರೆ ರಿಯಾಯಿತಿ ಕಮ್ಮಿ ಸಿಗಬಹುದು, ಆದರೂ ಲೆಕ್ಕ ಹಾಕಿದರೆ ಅದೇ ಅಗ್ಗ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಕೇಳಿ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪ್ರಕಾಶಕರು ರಿಯಾಯಿತಿ ಕೊಡುವುದು ರೂಢಿ, ಮಕ್ಕಳ ದಿನಾಚರಣೆಯೂ ಆಗಲೇ ಬರುತ್ತದೆ, ಮೇಳಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಸಿಕ್ಕ ರಿಯಾಯಿತಿಯನ್ನು ಮಕ್ಕಳಿಗೇ ದಾಟಿಸಿ. ಮಕ್ಕಳು ಜೇಬಿನಲ್ಲಿ ತರುವುದು ಹತ್ತು, ಇಪ್ಪತ್ತು, ಬಹಳ ಆದರೆ ಐವತ್ತರ ನೋಟು. ನೂರರ ಮೇಲಿನ ಪುಸ್ತಕಗಳೇ ಮೇಜು ತುಂಬಿದ್ದರೆ ಅದು ಮೇಳ ಅಲ್ಲ, ಪ್ರದರ್ಶನ.

ಏನೂ ತರದ ಮಕ್ಕಳೂ ಇರುತ್ತಾರೆ. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯವರು, ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಹಾಕಿ ಎಲ್ಲ ಮಕ್ಕಳಿಗೂ ಒಂದೊಂದು ಕೂಪನ್ ಕೊಟ್ಟರೆ ಯಾರು ಬಡವರು ಅಂತ ಗೊತ್ತಾಗುವುದಿಲ್ಲ. ಎಲ್ಲರಿಗೂ ಅನ್ನುವುದು ಇಲ್ಲಿ ಮುಖ್ಯ. ಇನ್ನೊಂದು ದಾರಿ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್. ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ಶುರು ಮಾಡಿದ್ದು, ಕನ್ನಡ, ತೆಲುಗು, ಉರ್ದು ಎಲ್ಲದರಲ್ಲೂ ಕಥೆಗಳಿವೆ, ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಿಸಿದರೂ ತಪ್ಪಿಲ್ಲ. ಆದರೆ ಕಲರ್ ಪ್ರಿಂಟಿನ ಖರ್ಚು ಪುಸ್ತಕದ ಬೆಲೆಯನ್ನೇ ದಾಟಬಹುದು, ಕಪ್ಪು ಬಿಳುಪಿನಲ್ಲಿ ಚಿತ್ರ ಕೆಡಬಹುದು. ಹಾಗಾಗಿ ಮಾರಾಟಕ್ಕೆ ಅಚ್ಚಿನ ಪುಸ್ತಕ, ಕ್ಲಾಸಿನಲ್ಲಿ ಒಟ್ಟಿಗೆ ಓದಿಸಲು ಇದು. ಊರಿನ ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ಮೇಲ್ವಿಚಾರಕರನ್ನೂ ಮೇಳಕ್ಕೆ ಕರೆಯಿರಿ, ಮಕ್ಕಳ ಸದಸ್ಯತ್ವ ಅಲ್ಲೇ ಮಾಡಿಸಬಹುದು. ಪುಸ್ತಕ ಕೊಳ್ಳಲಾಗದ ಮಗುವಿಗೆ ವರ್ಷವಿಡೀ ಓದಲು ಅಲ್ಲೊಂದು ಕಪಾಟು ಸಿಗುತ್ತದೆ.

ಆರ್ಡರ್ ಕೊಡುವ ಮೊದಲೇ ‘ಉಳಿದದ್ದು ವಾಪಸ್’ ಅನ್ನುವ ಮಾತನ್ನು ಬರಹದಲ್ಲಿ ತಗೊಳ್ಳಿ, ಸಾಗಣೆ ಖರ್ಚು ಯಾರದು ಅನ್ನುವುದನ್ನೂ ಸೇರಿಸಿ. ಮೇಜಿನ ಮೇಲೆ ಕ್ಲಾಸಿನ ಸಂಖ್ಯೆ ಬರೆಯಬೇಡಿ. ಹಂತಕ್ಕೊಂದು ಬಣ್ಣದಂತೆ ಹಸಿರು, ಹಳದಿ, ನೀಲಿ ಹೀಗೆ ಕಾಗದ ಅಂಟಿಸಿ, ಯಾವ ಬಣ್ಣದಿಂದ ಬೇಕಾದರೂ ಯಾರು ಬೇಕಾದರೂ ತಗೊಳ್ಳಲಿ, ಹತ್ತು ವರ್ಷದ ಹುಡುಗ ಮೊದಲ ಹಂತದ ಹಸಿರು ಮೇಜಿನಲ್ಲಿ ಹಾವಿನ ಪುಸ್ತಕ ಹುಡುಕುತ್ತಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ಒಂದು ಜಮಖಾನೆ ಹಾಸಿ, ಕೊಳ್ಳುವ ಮುಂಚೆ ಕೂತು ಓದಲು ಬಿಡಿ. ಕೆಲವು ಪ್ರತಿ ಕೊಳೆಯಾಗುತ್ತವೆ, ಮೂಲೆ ಮಡಚುತ್ತವೆ, ಅವನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಒಂದೊಂದು ಹೆಸರಿನದು ಒಂದು ಪ್ರತಿಯನ್ನು ಶಾಲೆಯ ಲೆಕ್ಕಕ್ಕೇ ಹಿಡಿದು, ‘ನೋಡುವ ಪ್ರತಿ’ ಅಂತ ಬರೆದು ಮೇಲೆ ಇಟ್ಟರೆ ಆ ಜಗಳ ಇರುವುದಿಲ್ಲ, ಮೇಳ ಮುಗಿದ ಮೇಲೆ ಅವೇ ಓದುವ ಮೂಲೆಗೆ ಹೋಗುತ್ತವೆ.